ಹಿತ್ತಲಲ್ಲಿ ಬೆಂಕಿ ಹಾಕಲು ಮನೆಯಿಂದ 25 ಅಡಿ ದೂರ ಇರಬೇಕು ಎನ್ನುವುದೇಕೆ?

ಮುಖ್ಯವಾಗಿ ಹಾರುವ ಕಿಡಿಗಳಿಗಾಗಿ. ಅಮೆರಿಕದ ಅನೇಕ ಊರುಗಳು ಅನುಸರಿಸುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಪ್ರಕಾರ, ಮೋಜಿಗೆ ಹಾಕುವ ತೆರೆದ ಬೆಂಕಿ ಕಟ್ಟಡದಿಂದ, ಹೊತ್ತಿಕೊಳ್ಳಬಲ್ಲ ವಸ್ತುಗಳಿಂದ ಕನಿಷ್ಠ 25 ಅಡಿ ದೂರವಿರಬೇಕು. ಸೌದೆಯ ರಾಶಿ 3 ಅಡಿ ಅಗಲ, 2 ಅಡಿ ಎತ್ತರ ಮೀರಬಾರದು.

ಬೆಂಕಿಯ ಮೇಲಿನ ಬಿಸಿಗಾಳಿ ರಭಸದಿಂದ ಏರುವಾಗ ಹಗುರವಾದ ಕೆಂಡದ ಚೂರುಗಳನ್ನೂ ಎತ್ತಿಕೊಂಡು ಹೋಗುತ್ತದೆ. ರಾಶಿ ದೊಡ್ಡದಾದಷ್ಟೂ ಆ ಸೆಳೆತ ಜೋರು, ಚೂರುಗಳು ಹೋಗುವ ದೂರವೂ ಹೆಚ್ಚು. ಅದಕ್ಕೇ ಅಳತೆ ಮತ್ತು ಅಂತರ ಎರಡಕ್ಕೂ ಮಿತಿ. ಕೆಂಡದ ಚೂರು ದೂರ ಸಾಗುವಷ್ಟರಲ್ಲಿ ಆರುವ ಸಾಧ್ಯತೆ ಹೆಚ್ಚು, ಆದರೆ ಜೋರು ಗಾಳಿಯಲ್ಲಿ 25 ಅಡಿಯೂ ಸಾಲದು. ಅಂಥ ದಿನ ಹಚ್ಚಲೇಬೇಡಿ. ರಟ್ಟು, ಕಾಗದ, ಒಣ ಎಲೆ ಹಾಕಬೇಡಿ, ಅವು ಉರಿಯುತ್ತಲೇ ಹಾರುತ್ತವೆ.

ಬೆಂಕಿ ಪೂರ್ತಿ ಆರುವವರೆಗೂ ಒಬ್ಬರು ಅಲ್ಲೇ ಇರಬೇಕು, ನೀರಿನ ಪೈಪು ಅಥವಾ ಮರಳು ಕೈಗೆಟಕುವಂತಿರಬೇಕು ಎಂಬುದೂ ನಿಯಮವೇ. ಹೆಚ್ಚಿನವರು ಎಡವುವುದು ಇಲ್ಲೇ. ಬೂದಿ ಕೆಂಡಕ್ಕೆ ಹೊದಿಕೆಯಾಗಿ ಮರುದಿನದವರೆಗೂ ಅದನ್ನು ಜೀವಂತವಾಗಿ ಇಡಬಲ್ಲದು. ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಮುಂಗೈಯನ್ನು ಮೇಲೆ ಹಿಡಿದಾಗ ಬಿಸಿ ತಾಗದಿದ್ದರೆ ಮಾತ್ರ ಹೊರಡಿ.

ಊರೂರಿಗೆ ನಿಯಮ ಬದಲಾಗುತ್ತದೆ. ಒಣಹವೆಯಲ್ಲಿ ಸಂಪೂರ್ಣ ನಿಷೇಧವೂ ಬರಬಹುದು. ಸ್ಥಳೀಯ ಅಗ್ನಿಶಾಮಕ ಕಚೇರಿಯಲ್ಲಿ ಮೊದಲೇ ಕೇಳಿ.