ಇಪ್ಪತ್ತನೇ ತಾರೀಕು ಕಳೆದ ಮೇಲೆ ಹೋಗಿ

ಪ್ರಶ್ನೆ: ನನಗೆ 34 ವರ್ಷ. ಹಾಸನದ ಕಡೆಯವಳು. ಬಿ.ಕಾಂ. ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಎಂಟು ವರ್ಷ ದುಡಿದೆ. ಬಿಡುವಾಗ 42 ಸಾವಿರ ಸಂಬಳವಿತ್ತು. ರೈಲ್ವೆಯಲ್ಲಿರುವ ಪತಿಗೆ ಹುಬ್ಬಳ್ಳಿಗೆ ವರ್ಗವಾಗಿ ಹತ್ತು ತಿಂಗಳಾಯಿತು. ಅತ್ತೆ ಮತ್ತು ಒಂದನೇ ತರಗತಿಯ ಮಗಳು ಜೊತೆಗಿದ್ದಾರೆ. ಬಂದಾಗಿನಿಂದ ಮೊಬೈಲ್‌ನಲ್ಲಿ ಎಷ್ಟೋ ಕಡೆ ಅರ್ಜಿ ಹಾಕಿದೆ, ಉತ್ತರವಿಲ್ಲ. ವಿದ್ಯಾನಗರದ ಆಡಿಟರ್ ಒಬ್ಬರು 16 ಸಾವಿರಕ್ಕೆ ಬನ್ನಿ ಎಂದರು. ಅವಮಾನವೆನಿಸಿ ಎದ್ದು ಬಂದೆ. ಒಂದು ಫೈನಾನ್ಸ್ ಸಂಸ್ಥೆಯವರು ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇಡಬೇಕು ಎಂದರು. ಹೋದಲ್ಲೆಲ್ಲ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ. ಬ್ಯಾಂಕ್ ಪರೀಕ್ಷೆ ಬರೆ ಎಂದು ಅತ್ತೆ ಹೇಳುತ್ತಾರೆ. ಹೇಗೂ ಮನೆಯಲ್ಲೇ ಇದ್ದೀಯಲ್ಲ, ಪಿಎಫ್ ತೆಗೆದು ನವನಗರದಲ್ಲಿ ಸೈಟ್‌ಗೆ ಮುಂಗಡ ಕೊಡೋಣ ಎಂದು ಪತಿ ಹೇಳುತ್ತಾರೆ. ಬೆಂಗಳೂರಿನಲ್ಲಿ 45 ಸಾವಿರದ ಕೆಲಸವಿದೆ, ಪಿ.ಜಿ.ಯಲ್ಲಿದ್ದುಕೊಂಡು ವಾರಕ್ಕೊಮ್ಮೆ ಊರಿಗೆ ಹೋಗಿ ಬಾ ಎಂದು ಹಳೆಯ ಸಹೋದ್ಯೋಗಿ ಕರೆಯುತ್ತಿದ್ದಾಳೆ. ಈ ಊರಿನಲ್ಲಿ ನನಗೆ ಬೆಲೆಯೇ ಇಲ್ಲ ಅನಿಸಿದೆ. ಏನು ಮಾಡಲಿ?
— ಹೆಸರು ಬೇಡ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ:

ಸಹೋದರಿ,

ಹದಿನಾರು ಸಾವಿರದ ಮಾತಿಗೆ ನೀವು ಎದ್ದು ಬಂದದ್ದು ನನಗೆ ಅರ್ಥವಾಗುತ್ತದೆ. ಆದರೂ ಹತ್ತು ತಿಂಗಳಲ್ಲಿ ಈ ಊರು ನಿಮಗೆ ತೆರೆದ ನಿಜವಾದ ಬಾಗಿಲು ಅದೊಂದೇ. ಅಲ್ಲಿಗೆ ಮತ್ತೆ ಹೋಗಿ ಎನ್ನುತ್ತೇನೆ. ಅವರು ಹೇಳಿದ ಕೆಲಸವನ್ನು ಅವರು ಹೇಳಿದ ಸಂಬಳಕ್ಕೆ ಒಪ್ಪಿಕೊಳ್ಳಲು ಅಲ್ಲ, ಬೇರೆ ಲೆಕ್ಕ ಮಾತನಾಡಲು. ಅದಕ್ಕೆ ಮೊದಲು ಊರಿನ ಬಗ್ಗೆ ಒಂದೆರಡು ಮಾತು. ನಾನು ಧಾರವಾಡದವಳು, ಹುಬ್ಬಳ್ಳಿಯ ವಿಷಯದಲ್ಲಿ ಪೂರ್ತಿ ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳಲಾರೆ, ಅದನ್ನು ಕಳೆದು ಓದಿಕೊಳ್ಳಿ.

ಈ ಜೋಡಿ ನಗರದಲ್ಲಿ ದೊಡ್ಡ ಸಂಸ್ಥೆಗಳಿಗೆ ಕೊರತೆಯಿಲ್ಲ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಇಲ್ಲಿದೆ, ವಾಯವ್ಯ ಸಾರಿಗೆಯ ಪ್ರಧಾನ ಕಚೇರಿ ಇಲ್ಲಿದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ, ಎರಡು ಹಳೆಯ ವಿಶ್ವವಿದ್ಯಾಲಯಗಳಿವೆ, ಐಐಟಿ ಇದೆ. ಇವೆಲ್ಲಕ್ಕೂ ಪರೀಕ್ಷೆ ಮತ್ತು ನೇಮಕಾತಿ ಆದೇಶದ ಮೂಲಕವೇ ಒಳಗೆ ಹೋಗಬೇಕು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸು, ಲಾರಿ ತಯಾರಾಗುತ್ತವೆ, ಆದರೆ ಅಂಥ ಕಂಪನಿಗಳ ಮುಖ್ಯ ಲೆಕ್ಕಪತ್ರ ಸಾಮಾನ್ಯವಾಗಿ ಬೇರೆ ಊರಿನಲ್ಲಿ ಕೂತಿರುತ್ತದೆ. ಕಾರ್ಖಾನೆಯ ಗೇಟು ಮಾತ್ರ ನಮ್ಮದು. ಉಳಿದದ್ದು ಗೋಕುಲ ರಸ್ತೆಯ ಮತ್ತು ತಾರಿಹಾಳದ ಸಣ್ಣ ಕಾರ್ಖಾನೆಗಳು, ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗಳು, ಸಗಟು ವ್ಯಾಪಾರಿಗಳು, ಆಸ್ಪತ್ರೆಗಳು, ಖಾಸಗಿ ಕಾಲೇಜುಗಳು, ಓಣಿಗೊಂದರಂತೆ ಇರುವ ಸೌಹಾರ್ದ ಸಹಕಾರಿಗಳು. ನಿಮ್ಮ ಕಸುಬಿಗೆ ಗಿರಾಕಿ ಇರುವುದು ಇವುಗಳಲ್ಲಿ. ಇವರಲ್ಲಿ ಹೆಚ್ಚಿನವರು ಕೆಲಸ ಖಾಲಿ ಇದೆ ಎಂದು ಎಲ್ಲಿಯೂ ಪ್ರಕಟಿಸುವುದಿಲ್ಲ. ಹಳೆಯ ಗುಮಾಸ್ತ ಕಣ್ಣು ಕಾಣದೆ ಬಿಟ್ಟರೆ ಮಾಲೀಕ ಮೊದಲು ಕೇಳುವುದು ತನ್ನ ಆಡಿಟರ್‌ನನ್ನು: ‘ಯಾರಾದರೂ ನಂಬಿಗಸ್ತರು ಇದ್ದರೆ ಕಳಿಸಿ.’ ಅಲ್ಲಿಗೆ ಹುದ್ದೆ ತುಂಬಿತು. ಆದ್ದರಿಂದ ಮೊಬೈಲ್‌ನಲ್ಲಿ ಅರ್ಜಿ ಹಾಕುತ್ತಾ ಹತ್ತು ತಿಂಗಳು ಕಳೆದದ್ದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಆಗಿದೆ. ನಿಮ್ಮ ಯೋಗ್ಯತೆಯನ್ನು ಯಾರೂ ತಿರಸ್ಕರಿಸಿಲ್ಲ, ಅದನ್ನು ನೋಡಿದವರೇ ಇಲ್ಲ.

ಈಗ ಆ ಆಡಿಟರ್ ಕಚೇರಿಗೆ ಬರೋಣ. ನೀವು ಯಾವ ತಾರೀಕಿಗೆ ಹೋಗಿದ್ದಿರಿ ಎಂದು ಬರೆದಿಲ್ಲ. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಹೋಗಿದ್ದರೆ, ಅವರು ಕುಳಿತುಕೊಳ್ಳಿ ಎಂದದ್ದೇ ಹೆಚ್ಚು. ಜಿಎಸ್‌ಟಿಯಲ್ಲಿ ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ ತ್ರಿ-ಬಿ ರಿಟರ್ನ್, ಇವೇ ಗಡುವುಗಳು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿ ನೀವು ಒಂದು ಕಂಪನಿಯ ಜಿಎಸ್‌ಟಿ ನೋಡಿದವರು. ಇಲ್ಲಿ ಒಂದು ಸಣ್ಣ ಕಚೇರಿ ಹತ್ತಾರು ಅಂಗಡಿಗಳದ್ದನ್ನು ನೋಡುತ್ತದೆ. ಖರೀದಿಯ ಬಿಲ್ಲುಗಳು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ, ಅವುಗಳ ಮಧ್ಯೆ ಮಗನ ಶಾಲೆಯ ಶುಲ್ಕದ ರಸೀದಿಯೂ ಸಿಗುತ್ತದೆ. ಎಲ್ಲವನ್ನೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಏರಿಸಿ, ಜಿಎಸ್‌ಟಿ ಪೋರ್ಟಲ್‌ಗೆ ತುಂಬಿಸಿ, ಕೊನೆಗೆ ಓಟಿಪಿಗಾಗಿ ಫೋನು ಮಾಡಿದರೆ ದುರ್ಗದಬೈಲಿನ ಅಂಗಡಿಯವನು ಎರಡು ಗಿರಾಕಿಗಳನ್ನು ಸುಧಾರಿಸುತ್ತಾ ಆರು ಅಂಕಿಗಳಲ್ಲಿ ಒಂದನ್ನು ತಪ್ಪು ಓದುತ್ತಾನೆ. ಮತ್ತೆ ಫೋನು. ಅಷ್ಟರಲ್ಲಿ ಪೋರ್ಟಲ್ ಹೊರಗೆ ಹಾಕಿರುತ್ತದೆ. ತಡವಾದ ದಿನಕ್ಕೆ 50 ರೂಪಾಯಿ ದಂಡ ಬೀಳುತ್ತದೆ, ಬೈಗುಳ ಆಡಿಟರ್‌ಗೆ ಬೀಳುತ್ತದೆ. ಅವರಿಗೆ ಬೇಕಾದದ್ದು ಇಡೀ ತಿಂಗಳು ಕುರ್ಚಿಯಲ್ಲಿ ಕೂರುವ ಇನ್ನೊಬ್ಬರು ಅಲ್ಲ. ಐದರಿಂದ ಇಪ್ಪತ್ತರವರೆಗೆ ತಪ್ಪಿಲ್ಲದೆ ಕೆಲಸ ಎತ್ತಿ ಕೊಡುವ ಕೈ ಬೇಕು. ಎಂಟು ವರ್ಷದ ಕೈ ಅವರಿಗೆ 16 ಸಾವಿರಕ್ಕೆ ಸಿಗುವುದಿಲ್ಲ, ಅದು ಅವರಿಗೂ ಗೊತ್ತಿರುತ್ತದೆ.

ಹಾಗಾಗಿ 21ರ ನಂತರ ಹೋಗಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ‘ಅಂದು ಎದ್ದು ಹೋದೆ, ತಪ್ಪು ತಿಳಿಯಬೇಡಿ’ ಎಂಬ ಒಂದೇ ಮಾತು ಸಾಕು, ಕ್ಷಮೆಯ ದೊಡ್ಡ ಪೀಠಿಕೆ ಬೇಡ. ತಿಂಗಳ ಮೊದಲ ಇಪ್ಪತ್ತು ದಿನ, ಮಗಳು ಶಾಲೆಯಲ್ಲಿರುವ ಹೊತ್ತಿಗೆ ಬಂದು ಇಂತಿಷ್ಟು ಅಂಗಡಿಗಳ ಲೆಕ್ಕವನ್ನು ಪೂರ್ತಿ ನಾನೇ ಮುಗಿಸಿ ಕೊಡುತ್ತೇನೆ, ಅದಕ್ಕೆ ಹನ್ನೆರಡು ಸಾವಿರ ಕೊಡಿ ಎಂದು ಕೇಳಿ. ಸಂಬಳ ಕಡಿಮೆ ಕಂಡೀತು, ಆದರೆ ಉಳಿದ ಸಮಯ ನಿಮ್ಮದು. ಆ ಸಮಯಕ್ಕೆ ಒಂದು ಸಗಟು ಅಂಗಡಿಯ ಅಥವಾ ಆಸ್ಪತ್ರೆಯ ಬಾಕಿ ವಸೂಲಿ ಪಟ್ಟಿಯನ್ನು ಹಿಡಿದರೆ ಎರಡೂ ಸೇರಿ ಇಪ್ಪತ್ತು ದಾಟುತ್ತದೆ. ಸೆಪ್ಟೆಂಬರ್ 30 ತೆರಿಗೆ ಆಡಿಟ್‌ನ ಗಡುವು. ಆ ಒಂದು ಹಂಗಾಮನ್ನು ಅವರ ಜೊತೆ ದಾಟಿಸಿ, ಆಮೇಲೆ ಸಂಬಳದ ಮಾತು ಎತ್ತಿ. ಆಗ ‘ನೋಡೋಣ’ ಎನ್ನುವ ಧೈರ್ಯ ಅವರಿಗೆ ಇರುವುದಿಲ್ಲ. ಇಷ್ಟರ ನಡುವೆ ಅವರ ಗಿರಾಕಿಗಳಿಗೆಲ್ಲ ನಿಮ್ಮ ಹೆಸರು ಗೊತ್ತಾಗಿರುತ್ತದೆ, ಓಟಿಪಿ ಕೇಳಿದ ಧ್ವನಿಯಾಗಿ. ಮುಂದಿನ ಗುಮಾಸ್ತ ಬಿಟ್ಟಾಗ ಆಡಿಟರ್‌ಗೆ ಬರುವ ಫೋನು ನಿಮ್ಮ ಮೇಜಿನ ಮೇಲೆಯೇ ಬಡಿಯುತ್ತದೆ.

ಒಪ್ಪದಿದ್ದರೆ? ಹುಬ್ಬಳ್ಳಿಯಲ್ಲಿ ಆಡಿಟರ್‌ಗಳಿಗೆ ಬರವಿಲ್ಲ. ಕೊಪ್ಪಿಕರ್ ರಸ್ತೆಯಿಂದ ದೇಶಪಾಂಡೆ ನಗರದವರೆಗೆ ಫಲಕಗಳನ್ನು ಓದುತ್ತಾ ನಡೆದರೆ ಅರ್ಧ ದಿನ ಹಿಡಿಯುತ್ತದೆ. ಒಳಗೆ ಹೋಗಿ, ಎರಡು ಪುಟದ ಬಯೋಡಾಟಾ ಬೇಡ, ಒಂದು ಪುಟ ಕೊಡಿ. ಕೈಯಲ್ಲಿ ಏನಿದೆ ಎಂಬುದು ಮೇಲಿನ ಮೂರು ಸಾಲಿನಲ್ಲೇ ಇರಲಿ: ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಬ್ಯಾಂಕ್ ತಾಳೆ. ಸೌಹಾರ್ದಗಳಿಗೆ ಮಾರ್ಚ್‌ಗೆ ಮುಂಚೆ, ಫೆಬ್ರವರಿಯಲ್ಲೇ ಹೋಗಬೇಕು, ವರ್ಷದ ಲೆಕ್ಕ ಮುಗಿಸುವ ಚಿಂತೆ ಆಗಲೇ ಹತ್ತಿರುತ್ತದೆ. ಠೇವಣಿ ಸಂಗ್ರಹಿಸಿ ತನ್ನಿ, ಗುರಿ ಇದೆ ಎಂದವರ ಕಡೆ ಮಾತ್ರ ಹೊರಳಿ ನೋಡಬೇಡಿ. ನೆಂಟರಿಷ್ಟರು ಇಲ್ಲದ ಊರಿನಲ್ಲಿ ನೀವು ಯಾರ ಠೇವಣಿ ತರುತ್ತೀರಿ?

‘ಯಾರ ಪೈಕಿ’ ಎಂಬುದು ನಿಮ್ಮನ್ನು ಬಹಳ ಚುಚ್ಚಿದೆ. ಹಣದ ಪೆಟ್ಟಿಗೆಯ ಹತ್ತಿರ ಕೂರಿಸುವವರನ್ನು ಗುರುತಿನ ಮೇಲೆ ತೆಗೆದುಕೊಳ್ಳುವುದು ಇಲ್ಲಿಯ ವ್ಯಾಪಾರಿಗಳ ಹಳೆಯ ಅಭ್ಯಾಸ. ಅದರೊಳಗೆ ಜಾತಿ ವಿಚಾರಿಸುವ ಆಸೆಯೂ ಸೇರಿರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕೇಳಿದವರೆಲ್ಲರ ಮನಸ್ಸಿನಲ್ಲಿ ಅದೇ ಇತ್ತು ಎಂದೂ ಹೇಳಲಾರೆ. ಉತ್ತರ ನಿಮ್ಮ ಕೈಯಲ್ಲಿದೆ: ‘ನಮ್ಮ ಯಜಮಾನರು ರೈಲ್ವೆಯಲ್ಲಿದ್ದಾರೆ, ಕೇಶ್ವಾಪುರದಲ್ಲಿ ಮನೆ.’ ಈ ಊರಿನಲ್ಲಿ ರೈಲ್ವೆಯವರು ಎಂಬುದು ತಾನೇ ಒಂದು ಪೈಕಿ. ಅದರ ಮೇಲೂ ಕೆದಕಿದವರ ಬಳಿ ಕೆಲಸ ಮಾಡುವುದು ಬೇಡ.

ಬ್ಯಾಂಕ್ ಪರೀಕ್ಷೆಯ ಮಾತನ್ನು ಇಲ್ಲಿಗೇ ಮುಗಿಸಿಬಿಡಿ. ಕ್ಲರ್ಕ್ ಹುದ್ದೆಗೆ 28, ಅಧಿಕಾರಿ ಹುದ್ದೆಗೆ 30 ಸಾಮಾನ್ಯ ವರ್ಗದ ವಯೋಮಿತಿ. ಹಿಂದುಳಿದ ವರ್ಗಕ್ಕೆ ಮೂರು ವರ್ಷ ಸಡಿಲಿಕೆ ಸೇರಿಸಿದರೂ ನಿಮ್ಮ 34ಕ್ಕೆ ಅದು ಮುಗಿದ ಅಧ್ಯಾಯ. ಪರಿಶಿಷ್ಟರಾಗಿದ್ದರೆ ಮಾತ್ರ ಐದು ವರ್ಷದ ಸಡಿಲಿಕೆಯಲ್ಲಿ ಅಧಿಕಾರಿ ಹುದ್ದೆಯ ದಾರಿ ಇನ್ನೂ ಕೊಂಚ ಕಾಲ ತೆರೆದಿರುತ್ತದೆ. ಅತ್ತೆಯವರ ಮುಂದೆ ವಾದ ಮಾಡಬೇಡಿ, ಅಧಿಸೂಚನೆಯನ್ನು ತೋರಿಸಿ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ವರ್ಷಗಟ್ಟಲೆ ಓದುವ ಹುಡುಗ ಹುಡುಗಿಯರನ್ನು ದಿನವೂ ನೋಡುತ್ತೇನೆ. ಕೈಯಲ್ಲಿ ಕಸುಬಿರುವ ನೀವು ಆ ಸಾಲಿಗೆ ಹೋಗಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಪಿಎಫ್. ಇದರಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ತೆಗೆಯಬೇಡಿ. ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ತುಂಬಿದವರಿಗೆ 58ರ ನಂತರ ತಿಂಗಳ ಪಿಂಚಣಿಯ ಹಕ್ಕು ಬರುತ್ತದೆ. ನಿಮ್ಮದು ಎಂಟು ಆಗಿದೆ. ಮೊದಲು ಪಾಸ್‌ಬುಕ್ ತೆರೆದು ಪಿಂಚಣಿಯ ಕಾಲಂನಲ್ಲಿ ತಿಂಗಳಿಗೆ ಹಣ ಬಿದ್ದಿದೆಯೇ ನೋಡಿ. ಸಾಮಾನ್ಯವಾಗಿ ಹೆಚ್ಚೆಂದರೆ 1,250 ರೂಪಾಯಿ ಇರುತ್ತದೆ. ಬಿದ್ದಿದ್ದರೆ, ಎಲ್ಲವನ್ನೂ ತೆಗೆದುಕೊಂಡರೆ ಆ ಎಂಟು ವರ್ಷ ಅಳಿಸಿಹೋಗುತ್ತವೆ. ಉಳಿಸಿಕೊಂಡರೆ ಮುಂದೆ ಪಿಎಫ್ ಇರುವ ಎಲ್ಲಿಯಾದರೂ ಎರಡು ವರ್ಷ ದುಡಿದರೆ ಸಾಕು. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಆಡಿಟರ್ ಕಚೇರಿಗೆ ಪಿಎಫ್ ಕಡ್ಡಾಯವಲ್ಲ. ಆದ್ದರಿಂದ ವರ್ಷದ ನಂತರ ತಾರಿಹಾಳದ ಕಾರ್ಖಾನೆಯೊಂದು ಸ್ವಲ್ಪ ಕಡಿಮೆ ಸಂಬಳಕ್ಕೆ ಕರೆದರೂ ಈ ಲೆಕ್ಕ ನೆನಪಿರಲಿ.

ಇದರ ಜೊತೆಗೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಆ ನವನಗರದ ಸೈಟ್ ಯಾರ ಹೆಸರಿಗೆ ನೋಂದಣಿಯಾಗುತ್ತದೆ? ನಿಮ್ಮ ಪತ್ರ ಅದನ್ನು ಹೇಳುವುದಿಲ್ಲ. ನೀವು ಕೇಳಿಯೂ ಇಲ್ಲ ಎಂದು ನನ್ನ ಊಹೆ. ನಿಮ್ಮ ಪತಿ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ರೈಲ್ವೆಯವರಿಗೆ ಸ್ವಂತ ಜಾಗದ ಆಸೆ ಇರುವುದು ಸಹಜ, ಕ್ವಾರ್ಟರ್ಸ್ ಎಂದಿಗೂ ನಮ್ಮದಲ್ಲವಲ್ಲ. ಆದರೆ ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತು ನಿಮಗೆ ಹದಿನಾರು ಸಾವಿರಕ್ಕಿಂತ ಹೆಚ್ಚು ನೋವು ಕೊಟ್ಟಿದೆ, ಆ ಸಾಲಿನಲ್ಲಿ ನಿಮ್ಮ ಅಕ್ಷರ ಒತ್ತಿ ಬಿದ್ದಿರುವುದು ಕಾಣುತ್ತದೆ. ನೀವು ಅವರ ವರ್ಗಾವಣೆಗಾಗಿ ಕೆಲಸ ಬಿಟ್ಟಿರಿ. ಅದನ್ನು ಅವರು ಒಂದು ದಿನವಾದರೂ ಬಾಯಿ ಬಿಟ್ಟು ಒಪ್ಪಿಕೊಂಡಿದ್ದಾರೆಯೇ? ಇಲ್ಲದಿದ್ದರೆ ಅದು ಮೊದಲು ಆಗಬೇಕಾದ ಮಾತು. ಅತ್ತೆಯವರ ಎದುರಿಗೆ ಬೇಡ, ಮಗಳು ಮಲಗಿದ ಮೇಲೆ ಪಿಸುಗುಟ್ಟುವುದೂ ಬೇಡ. ಭಾನುವಾರ ಸಂಜೆ ಇಬ್ಬರೇ ಉಣಕಲ್ ಕೆರೆಯ ಕಡೆ ಹೋಗಿ, ನಡೆಯುತ್ತಾ ಹೇಳಿ: ‘ನಿಮ್ಮ ಜೊತೆ ಬಂದದ್ದರಿಂದ ನನ್ನ ತಿಂಗಳ 42 ಸಾವಿರ ಹೋಯಿತು. ಮತ್ತೆ ಕಟ್ಟಿಕೊಳ್ಳಲು ನನಗೆ ಒಂದು ವರ್ಷ ಬೇಕು, ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು ಈ ವರ್ಷ ನಿಮ್ಮ ಕೆಲಸ.’ ಅಷ್ಟು ಸ್ಪಷ್ಟವಾಗಿ ಕೇಳಿದ್ದಕ್ಕೆ ಇಲ್ಲ ಎನ್ನುವ ಗಂಡಂದಿರು ಇದ್ದಾರೆ. ಆದರೆ ಕೇಳದಿದ್ದುದನ್ನು ತಾನೇ ತಿಳಿದು ಮಾಡುವವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಬೆಂಗಳೂರಿನ 45 ಸಾವಿರವನ್ನು ನಾನು ಹಗುರವಾಗಿ ತೆಗೆದುಹಾಕುವುದಿಲ್ಲ. ದುಡಿಯಲು ಬೇರೆ ಊರಿನಲ್ಲಿರುವ ತಾಯಂದಿರು ಕೆಟ್ಟವರಲ್ಲ; ಗಂಡಸರು ಹೋದಾಗ ಯಾರೂ ಈ ಅಂಕಣಕ್ಕೆ ಪತ್ರ ಬರೆಯುವುದಿಲ್ಲ. ಲೆಕ್ಕ ಮಾತ್ರ ನೀವೇ ಹಾಕಿ. ಪಿ.ಜಿ., ಊಟ, ವಾರಕ್ಕೆರಡು ಬಾರಿಯ ರಾತ್ರಿ ರೈಲು (ರೈಲ್ವೆ ಪಾಸ್ ವರ್ಷಕ್ಕೆ ಬೆರಳೆಣಿಕೆಯಷ್ಟು), ಎಲ್ಲ ಕಳೆದರೆ ಮೂವತ್ತು ಉಳಿದೀತು. ಇಲ್ಲಿ ಆರು ತಿಂಗಳಲ್ಲಿ ಇಪ್ಪತ್ತೆರಡು ಮುಟ್ಟುವ ದಾರಿ ಇದೆ. ನಡುವಿನ ಎಂಟು ಸಾವಿರಕ್ಕೆ ವಾರದಲ್ಲಿ ಐದು ರಾತ್ರಿ ಮಗಳನ್ನು ಬಿಟ್ಟಿರುವುದು ನನಗೆ ಲಾಭದ ವ್ಯವಹಾರವಾಗಿ ಕಾಣುವುದಿಲ್ಲ. ಸಹೋದ್ಯೋಗಿಯ ಆ ಫೋನನ್ನು ಬೇರೆಯದಕ್ಕೆ ಬಳಸಿಕೊಳ್ಳಿ: ಅವರ ಕಂಪನಿಯಲ್ಲಿ ಮನೆಯಿಂದಲೇ ಮಾಡಬಹುದಾದ ಬ್ಯಾಂಕ್ ತಾಳೆಯೋ ಟಿಡಿಎಸ್ ವಿವರವೋ ಹೊರಗೆ ಕೊಡುತ್ತಾರೆಯೇ ಎಂದು ಕೇಳಿ. ಬೆಂಗಳೂರಿನ ದರದಲ್ಲಿ ಹುಬ್ಬಳ್ಳಿಯಲ್ಲಿ ಕೂತು ಮಾಡಿದ ಕೆಲಸ, ಅದು ಲಾಭ. ಮುಂದಿನ ಮೇ ಹೊತ್ತಿಗೂ ಇಲ್ಲಿ ಏನೂ ಕೈಹಿಡಿಯದಿದ್ದರೆ ಬೆಂಗಳೂರಿನ ವಿಷಯವನ್ನು ಮನೆಯವರೆಲ್ಲ ಕೂತು ಮಾತನಾಡಿ, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬಲ್ಲಿಂದ ಶುರು ಮಾಡಿ.

ತಾ.ಕ.: ಮೂಲ ಅಂಕಪಟ್ಟಿ ಕೇಳಿದ ಫೈನಾನ್ಸ್ ಸಂಸ್ಥೆಗೆ ಕೊಡಬೇಡಿ. ತೋರಿಸಬಹುದು, ಸಹಿ ಮಾಡಿದ ನಕಲು ಕೊಡಬಹುದು, ಇಟ್ಟುಕೊಳ್ಳಲು ಬಿಡಬಾರದು. ಈಗಾಗಲೇ ಕೊಟ್ಟಿದ್ದರೆ ನಾಳೆಯೇ ಪತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ವಾಪಸು ತನ್ನಿ, ಇಲ್ಲ ಎಂದರೆ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆದುಕೊಳ್ಳಿ.