ಪಕ್ಕದ ಮನೆಯ ಯಹೂದಿ ಕುಟುಂಬ ಪೆಸಾಖ್, ಅಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬದ ಊಟಕ್ಕೆ ಕರೆದಿದೆ. ಹೊರಗಿನವರಾದ ನಾವು ಹೋಗಬಹುದಾ?

‘ಪರದೇಶದಲ್ಲಿ ಒಬ್ಬಂಟಿ ಅಂತ ಪಾಪ ಅನ್ನಿಸಿ ಕರೆದಿರಬೇಕು, ನೋಡೋಣ ಅಂದಿದ್ದೇವೆ’ ಎಂದು ಬರೆದಿದ್ದೀರಿ. ಆ ‘ನೋಡೋಣ’ ಓದಿ ಎದೆ ಧಸಕ್ ಎಂದಿತು.

2014ರ ಏಪ್ರಿಲ್. ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ಗೆ ಬಂದು ನನಗಿನ್ನೂ ಐದು ತಿಂಗಳು. ಎದುರು ಮನೆಯ ಯಹೂದಿ ಅಜ್ಜಿ ಸೆಡರ್‌ಗೆ, ಅಂದರೆ ಹಬ್ಬದ ಮೊದಲ ರಾತ್ರಿಯ ಊಟಕ್ಕೆ ಕರೆದರು. ‘ಮಾಂಸ, ಮೊಟ್ಟೆ ತಿನ್ನಲ್ಲ, ನಿಮಗೆ ಸುಮ್ನೆ ತೊಂದರೆ. ನೋಡೋಣ, ಪ್ರಯತ್ನ ಮಾಡುತ್ತೇನೆ’ ಅಂದೆ. ಹೇಳಿದ್ದು ಇಂಗ್ಲಿಷಿನಲ್ಲಿ, ಅರ್ಥ ಮಾತ್ರ ನಮ್ಮೂರಿನದು. ನಮ್ಮಲ್ಲಿ ಇದು ಬರಲ್ಲ ಅಂತ ತಾನೇ? ‘ಊಟ ಮಾಡಿಕೊಂಡು ಹೋಗಿ’ ಅಂದರೆ ‘ಇನ್ನೊಂದ್ಸಲ ಬರ್ತೀವಿ’ ಅಂತೀವಿ. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಪ್ರಯತ್ನ ಮಾಡುತ್ತೇನೆ ಅಂದರೆ ಬರುತ್ತಾನೆ, ಮಾಂಸ ತಿನ್ನಲ್ಲ ಅಂದರೆ ಬೇರೆ ಅಡುಗೆ ಮಾಡಬೇಕು, ಅಷ್ಟೇ. ನನಗೊಬ್ಬನಿಗೆ ಬೇರೆ ಪಾತ್ರೆಯಲ್ಲಿ ತರಕಾರಿ ಸೂಪು ಮಾಡಿಟ್ಟರು.

ಹಬ್ಬದ ರಾತ್ರಿ ವಿದ್ಯುತ್ ಉಪಕರಣ ಚಾಲೂ ಮಾಡಬಾರದೆಂಬ ಕಟ್ಟುಪಾಡು, ಅವರು ಫೋನ್ ಮುಟ್ಟುವುದಿಲ್ಲ. ಹಾಗಾಗಿ ಮೊಮ್ಮಗನನ್ನು ಕಳಿಸಿದರು. ಅವನು ಬೆಲ್ಲನ್ನೂ ಒತ್ತುವಂತಿಲ್ಲ, ಬಾಗಿಲು ತಟ್ಟಿದ. ನಾನು ಲೈಟ್ ಆರಿಸಿ, ತೊಡೆ ಮೇಲೆ ಅನ್ನ ಸಾರಿನ ತಟ್ಟೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತೆ. ಮೂರು ಸಲ ತಟ್ಟಿದ. ಎದ್ದು ಹೋಗಿ ‘ಬರಲ್ಲ ಕಣಪ್ಪ’ ಅಂತಲಾದರೂ ಹೇಳಬಹುದಿತ್ತು, ಅಲ್ವಾ? ಎರಡು ದಿನ ಬಿಟ್ಟು ಸೂಪಿನ ಡಬ್ಬಿ ನನ್ನ ಬಾಗಿಲ ಮುಂದೆ ಇತ್ತು. ಮುಂದಿನ ಹಬ್ಬದೊಳಗೆ ಅಜ್ಜಿ ಮಗಳ ಊರಿಗೆ ಹೋಗಿಬಿಟ್ಟರು.

ಎರಡು ವರ್ಷದ ಮೇಲೆ ಒಬ್ಬ ಗೆಳೆಯನ ಮನೆಯಲ್ಲಿ ಸೆಡರ್‌ಗೆ ಕೂತೆ. ಶುರುವಿನಲ್ಲೇ ಮಟ್ಜಾ, ಅಂದರೆ ಹುಳಿ ಬರಿಸದ ರೊಟ್ಟಿ ತೋರಿಸಿ ಅರಮಾಯಿಕ್ ಎಂಬ ಪ್ರಾಚೀನ ಭಾಷೆಯಲ್ಲಿ ಹೇಳುತ್ತಾರೆ: ನಮ್ಮ ಹಿರಿಯರು ಈಜಿಪ್ಟಿನಲ್ಲಿ ತಿಂದ ಕಷ್ಟದ ರೊಟ್ಟಿ ಇದು, ಹಸಿದವರೆಲ್ಲ ಬಂದು ಉಣ್ಣಲಿ. ನನಗೆ ಆ ಮೂರು ತಟ್ಟು ಕೇಳಿಸಿತು.

ಆದ್ದರಿಂದ ‘ಪಾಪ ಅನ್ನಿಸಿ’ ಅನ್ನೋದೇ ತಪ್ಪು. ನಮ್ಮಲ್ಲಿ ಪರದೇಶಿ ಅನ್ನೋದು ಬೈಗುಳ. ಅವರು ತಮ್ಮನ್ನೇ ಹಾಗೆ ಕರೆದುಕೊಳ್ಳುತ್ತಾರೆ. ಅವರ ಧರ್ಮಗ್ರಂಥ ಟೋರಾದ ಲೇವಿಯ ಕಾಂಡ, 19ನೇ ಅಧ್ಯಾಯ: ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ. ಇಂಥ ಎಚ್ಚರಿಕೆ ಟೋರಾದಲ್ಲಿ 36 ಸಲ ಬರುತ್ತದೆ, 46 ಅನ್ನುವವರೂ ಇದ್ದಾರೆ ಎನ್ನುತ್ತದೆ ಅವರ ಪ್ರಾಚೀನ ಶಾಸ್ತ್ರಚರ್ಚೆಗಳ ಗ್ರಂಥ ತಾಲ್ಮುಡ್. ಪರದೇಶಿ ಅನ್ನೋದಕ್ಕೆ ಅಲ್ಲಿರುವ ‘ಗೇರ್’ ಎಂಬ ಹೀಬ್ರೂ ಪದಕ್ಕೆ ಯಹೂದಿ ಧರ್ಮಕ್ಕೆ ಸೇರಿದವನು ಅಂತ ಅರ್ಥ, ನಿಮಗಲ್ಲ ಅಂತ ಯಾರಾದರೂ ಹೇಳಬಹುದು. ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು ಹಲವೆಡೆ ಹಾಗೆ ಓದಿದ್ದೂ ನಿಜ. ಆದರೆ ಈಜಿಪ್ಟಿನಲ್ಲಿ ಇವರ ಹಿರಿಯರೇನು ಅಲ್ಲಿನ ರಾಜ ಫರೋಹನ ದೇವರನ್ನು ಪೂಜಿಸುತ್ತೇವೆ ಅಂತ ಹೋಗಿದ್ದರಾ? ಬರಗಾಲ, ಹೊಟ್ಟೆಪಾಡು. ನಾವು ಬಂದ ಹಾಗೇ. ಮತಕ್ಕೆ ಸೇರಿಸಿಕೊಳ್ಳುತ್ತಾರೆ ಅನ್ನೋ ಭಯವೂ ಬೇಡ. ತಾವಾಗಿ ಬಂದವರಿಗೇ ಮೊದಲು ಬೇಡ ಅನ್ನುವ ಪದ್ಧತಿ ಅವರದು.

ಮನೆಯಲ್ಲಿ ಮಾಡಿದ್ದೇನನ್ನೂ ಒಯ್ಯಬೇಡಿ. ಹುಳಿ ಬಂದಿರಬಹುದಾದ ಹಿಟ್ಟಿನ ಚಪಾತಿ, ಚಿರೋಟಿ ಆ ದಿನಗಳಲ್ಲಿ ಅವರ ಹೊಸ್ತಿಲು ದಾಟುವಂತಿಲ್ಲ. ಅನೇಕರು ಅನ್ನವನ್ನೂ ತಿನ್ನುವುದಿಲ್ಲ. ಹೂವು ಕೊಡುವುದಾದರೆ ಹಬ್ಬ ಶುರುವಾಗುವ ಮೊದಲೇ ಕೊಡಿ. ಓದುವುದು, ಹಾಡುವುದು ಮುಗಿದು ಊಟ ಬರುವುದು ತುಂಬಾ ತಡ, ಸಂಜೆ ಏನಾದರೂ ತಿಂದಿರಿ. ಇವತ್ತೇ ಅವರ ಬಾಗಿಲು ತಟ್ಟಿ ‘ಬರುತ್ತೇವೆ’ ಅಂತ ಬಾಯಿಬಿಟ್ಟು ಹೇಳಿ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಹೇಳಿ.