ಟೆಸ್ಟೋಸ್ಟೆರಾನ್ ರಿಪೋರ್ಟ್ ಕೈಗೆ ಬಂದ ಕೂಡಲೇ ಇಂಜೆಕ್ಷನ್ ಬೇಡ

ಎಚ್‌ಐವಿ ಇದ್ದು ಎಆರ್‌ಟಿ (ವೈರಸ್ಸನ್ನು ಹತೋಟಿಯಲ್ಲಿಡುವ ಚಿಕಿತ್ಸೆ) ಮಾತ್ರೆ ತೆಗೆದುಕೊಳ್ಳುತ್ತಿರುವ ಮೂವರು ಕನ್ನಡಿಗರು ಈ ಸಲ ಬರೆದಿದ್ದಾರೆ. ಒಬ್ಬರು ಮುಂಬೈ, ಒಬ್ಬರು ಪುಣೆ, ಇನ್ನೊಬ್ಬರು ಗೋವಾ. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಊರು ಕುಂದಾಪುರದ ಕಡೆ. ಅಂಧೇರಿಯ ಹೋಟೆಲೊಂದರಲ್ಲಿ ಕ್ಯಾಷ್ ನೋಡಿಕೊಳ್ಳುತ್ತೇನೆ. ಎಆರ್‌ಟಿ ಒಂದು ದಿನವೂ ತಪ್ಪಿಸಿಲ್ಲ, ವೈರಲ್ ಲೋಡ್‌ನಲ್ಲಿ ವೈರಸ್ ಕಾಣುತ್ತಿಲ್ಲ. ಆದರೆ ವರ್ಷದಿಂದ ವಿಪರೀತ ಸುಸ್ತು. ಹೆಂಡತಿಯ ಹತ್ತಿರ ಹೋಗುವ ಮನಸ್ಸೇ ಆಗುವುದಿಲ್ಲ. ಜಿಮ್‌ನ ಹುಡುಗ ಹೇಳಿದ ಅಂತ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿದೆ, 268 ಬಂತು. ಎರಡು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತದೆ ಅಂತಾನೆ. ನನಗೆ ಎಚ್‌ಐವಿ ಇರುವುದು ಅವನಿಗೆ ಗೊತ್ತಿಲ್ಲ. ಎಆರ್‌ಟಿಯಿಂದಲೇ ಹೀಗಾಯಿತಾ? ನಿಲ್ಲಿಸಿ ನೋಡಲಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಿಲ್ಲಿಸಬೇಡಿ. ಈಗ ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲ್ಯೂಟೆಗ್ರಾವಿರ್ ಸೇರಿದ ಮಾತ್ರೆ ಟೆಸ್ಟೋಸ್ಟೆರಾನ್ ಅನ್ನು ನೇರವಾಗಿ ಇಳಿಸುವುದಿಲ್ಲ. ಇಳಿಸುವುದು ಹತೋಟಿ ತಪ್ಪಿದ ವೈರಸ್. ಎಆರ್‌ಟಿ ಇಲ್ಲದ ಕಾಲದಲ್ಲಿ ರೋಗಿಗಳು ಒಣಗಿ ಕಡ್ಡಿಯಾಗುತ್ತಿದ್ದರು, ಅಂಥವರಲ್ಲಿ ಈ ಹಾರ್ಮೋನ್ ತಳ ಮುಟ್ಟಿರುತ್ತಿತ್ತು. ಮಾತ್ರೆ ಬಂದ ಮೇಲೆ ಆ ಸ್ಥಿತಿ ಅಪರೂಪ. ಹಾಗಿದ್ದರೂ ಎಚ್‌ಐವಿ ಇರುವ ನಡುವಯಸ್ಸಿನ ಗಂಡಸರಲ್ಲಿ ಈ ಕೊರತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ. ಹಾಗಾಗಿ ನಿಮ್ಮ ಅನುಮಾನ ಸುಮ್ನೆ ಅಲ್ಲ.

ಇನ್ನು ಆ 268. ನೀವು ಕಳಿಸಿದ ರಿಪೋರ್ಟಿನ ಮೇಲೆ, ಬಲಗಡೆ ಸಣ್ಣ ಅಕ್ಷರದಲ್ಲಿ, ರಕ್ತ ತೆಗೆದ ಸಮಯ ಇದೆ: ಸಂಜೆ 5.40. ಟೆಸ್ಟೋಸ್ಟೆರಾನ್ ಬೆಳಗ್ಗೆ ಏರಿರುತ್ತದೆ, ಹೊತ್ತು ಕಳೆದಂತೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಅದಕ್ಕೇ ಬೆಳಗ್ಗೆ 7ರಿಂದ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಅದೂ ಎರಡು ಬೇರೆ ಬೇರೆ ದಿನ. ಎರಡೂ ಸಲ 300ಕ್ಕಿಂತ ಕಡಿಮೆ ಬಂದರೆ ಮಾತ್ರ ಮುಂದಿನ ಮಾತು. ಹೋಟೆಲ್ ಮುಚ್ಚಿ, ಲೆಕ್ಕ ಮುಗಿಸಿ, ನೀವು ಮಲಗುವಾಗ ರಾತ್ರಿ ಎರಡು ಗಂಟೆ ಅಂತ ಬರೆದಿದ್ದೀರಿ. ಹಾಗಿದ್ದರೆ ಗಡಿಯಾರ ನೋಡಬೇಡಿ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಎರಡು ಮೂರು ಗಂಟೆಯೊಳಗೆ ಕೊಡಿ. ಜ್ವರ, ನೆಗಡಿ ಇದ್ದಾಗ ಬೇಡ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ಮೂರು ದಿನ ಮೊದಲೇ ಬಿಡಿ, ಕೆಲವು ಯಂತ್ರಗಳಲ್ಲಿ ಅದು ಅಂಕೆಯನ್ನೇ ಕೆಡಿಸುತ್ತದೆ.

ಎಚ್‌ಐವಿ ಇರುವವರಿಗೆ ಇನ್ನೊಂದು ತೊಡಕಿದೆ. ಇದನ್ನು ಜಿಮ್‌ನವರಿರಲಿ, ಎಷ್ಟೋ ಡಾಕ್ಟರುಗಳೂ ಗಮನಿಸುವುದಿಲ್ಲ. ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟೆರಾನ್‌ನಲ್ಲಿ ದೊಡ್ಡ ಪಾಲು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದು ಎಫ್‌ಡಿಯಲ್ಲಿಟ್ಟ ದುಡ್ಡಿನ ಹಾಗೆ. ಇವತ್ತಿನ ಖರ್ಚಿಗೆ ಬರುವುದು ಗಲ್ಲಾದಲ್ಲಿರುವ ಚಿಲ್ಲರೆ ಮಾತ್ರ. ಎಚ್‌ಐವಿಯಲ್ಲಿ ಈ ಪ್ರೋಟೀನ್ ಏರಿರುತ್ತದೆ, ಜೊತೆಗೆ ಹೆಪಟೈಟಿಸ್ ಸಿ ಇದ್ದರೆ ಇನ್ನೂ ಜಾಸ್ತಿ. ಆಗ ಒಟ್ಟು ಅಂಕೆ 450 ಅಂತ ಚೆಂದ ಕಾಣುತ್ತದೆ, ಮೈಗೆ ಸಿಗುವುದು ಕಡಿಮೆ. ಹೊಟ್ಟೆ ಬೊಜ್ಜು, ಡಯಾಬಿಟೀಸ್ ಇದ್ದರೆ ಇದರ ಉಲ್ಟಾ: ಪ್ರೋಟೀನ್ ಇಳಿದು, ಒಟ್ಟು ಅಂಕೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ನಿಮ್ಮ ತೂಕ 88 ಕೆಜಿ, ಸಕ್ಕರೆ ಗಡಿಯಲ್ಲಿದೆ. ನಿಮ್ಮ ವಿಷಯದಲ್ಲಿ ಇದು ಯಾವ ಕಡೆ ಎಳೆದಿದೆ ಅಂತ ನೋಡದೆ ಹೇಳಲಾಗದು. ಹಾಗಾಗಿ ಟೆಸ್ಟೋಸ್ಟೆರಾನ್ ಜೊತೆ ಎಸ್‌ಎಚ್‌ಬಿಜಿ, ಆಲ್ಬುಮಿನ್ (ರಕ್ತದ ಇನ್ನೊಂದು ಪ್ರೋಟೀನ್) ಮಾಡಿಸಿ. ಈ ಮೂರರಿಂದ ಫ್ರೀ ಟೆಸ್ಟೋಸ್ಟೆರಾನ್, ಅಂದರೆ ಅಂಟಿಕೊಳ್ಳದೆ ಉಳಿದದ್ದರ ಲೆಕ್ಕ ಹಾಕುತ್ತೇವೆ.

ಕೊರತೆ ನಿಜ ಅಂತಾದರೆ, ಯಾಕೆ ಅಂತ ಹುಡುಕಬೇಕು. ಮೆದುಳಿನ ಕಡೆಯಿಂದ ವೃಷಣಕ್ಕೆ ಆದೇಶ ಒಯ್ಯುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳು ಏರಿದ್ದರೆ ತೊಂದರೆ ವೃಷಣದಲ್ಲಿ. ಅವು ಇಳಿದೋ ಸಾಧಾರಣವಾಗಿಯೋ ಇದ್ದರೆ ಆದೇಶ ಕೊಡುವ ಮೆದುಳಿನ ಕಡೆ. ಆಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಕೂಡ ನೋಡುತ್ತೇವೆ. ಥೈರಾಯ್ಡ್, ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಸಕ್ಕರೆಯ ಮೂರು ತಿಂಗಳ ಸರಾಸರಿ) ಇದೇ ರಕ್ತದಲ್ಲಿ ಆಗಿಬಿಡಲಿ. ಸುಸ್ತಿಗೆ ಇವೇ ಕಾರಣ ಆಗಿರುವುದೂ ಉಂಟು. ನಿಮ್ಮ ಹೆಂಡತಿಯನ್ನು ಒಂದು ಮಾತು ಕೇಳಿ, ನೀವು ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತೀರಾ ಅಂತ. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇದ್ದರೆ ಸುಸ್ತೂ ಅದರಿಂದಲೇ, ಹಾರ್ಮೋನ್ ಇಳಿದಿರುವುದೂ ಅದರಿಂದ ಇರಬಹುದು. ಆರೋಗ್ಯವಂತ ಹುಡುಗರನ್ನೇ ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿ ನೋಡಿದ್ದಾರೆ, ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು. ಮುಂಬೈ ಹೋಟೆಲ್ ಕೆಲಸದಲ್ಲಿ ಐದು ಗಂಟೆ ನಿದ್ದೆ ಸಿಕ್ಕರೆ ಅದೇ ಜಾಸ್ತಿ, ಅಲ್ವಾ. ಖಿನ್ನತೆಯನ್ನೂ ಮರೆಯಬೇಡಿ. ಊರಲ್ಲಿ ಯಾರಿಗೂ ಹೇಳದ ವಿಷಯವನ್ನು ಇಷ್ಟು ವರ್ಷ ಹೊತ್ತು ತಿರುಗುವುದು ಸಣ್ಣ ಭಾರ ಅಲ್ಲ.

ಕೊನೆಗೆ ಹಾರ್ಮೋನ್ ಬೇಕೇ ಬೇಕು ಅಂತಾದರೆ ಕೊಡುತ್ತೇವೆ, ಜೆಲ್ ಅಥವಾ ಇಂಜೆಕ್ಷನ್. ಡೊಲ್ಯೂಟೆಗ್ರಾವಿರ್ ಜೊತೆ ಅದಕ್ಕೆ ಜಗಳವಿಲ್ಲ. ಆದರೆ ರಕ್ತ ದಪ್ಪವಾಗುವ ಅಪಾಯವಿದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 54 ದಾಟಿದರೆ ನಿಲ್ಲಿಸಬೇಕು. ಪ್ರಾಸ್ಟೇಟ್ ಗ್ರಂಥಿಗಾಗಿ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ನೋಡಬೇಕು. ಚಿಕಿತ್ಸೆ ಕೊಡದ ನಿದ್ದೆಯ ಕಾಯಿಲೆ ಇದ್ದರೆ ಅದು ಬಿಗಡಾಯಿಸಬಹುದು. ಇದನ್ನೆಲ್ಲ ಜಿಮ್‌ನ ಹುಡುಗ ನೋಡುವುದಿಲ್ಲ, ಅವನ ಬಾಟಲಿಯಲ್ಲಿ ಏನಿದೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಅವನು ಕೊಡುವ ಜಿಂಕ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಪುಡಿಗಳೂ ತೊಂದರೆಯೇ. ಅವು ಹೊಟ್ಟೆಯಲ್ಲಿ ಡೊಲ್ಯೂಟೆಗ್ರಾವಿರ್ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ತಿನ್ನಲೇಬೇಕಾದರೆ ಎಆರ್‌ಟಿ ನುಂಗಿದ ಎರಡು ಗಂಟೆ ನಂತರ, ಇಲ್ಲವೇ ಆರು ಗಂಟೆ ಮೊದಲು.

ನೋಡುವ ಡಾಕ್ಟರಿಗೆ ಎಚ್‌ಐವಿ ಇರುವುದನ್ನು ಹೇಳಲೇಬೇಕು. ಎಆರ್‌ಟಿ ಪುಸ್ತಕವನ್ನು ಮೇಜಿನ ಮೇಲಿಡಿ, ಬಾಯಿಬಿಟ್ಟು ಹೇಳುವ ಕಷ್ಟವೂ ತಪ್ಪುತ್ತದೆ. ಗುಟ್ಟು ಕಾಯುವುದು ಅವರ ದೊಡ್ಡತನವಲ್ಲ, 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವರ ಕರ್ತವ್ಯ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವೂ ಇದೆ, ಹಾರ್ಮೋನ್ ವಿಭಾಗವೂ ಇದೆ. ಕ್ಯೂ ಉದ್ದ ಇರುತ್ತದೆ, ರಜೆಯ ದಿನ ನೋಡಿಕೊಂಡು ಹೋಗಿ.

ಇನ್ನೊಂದು. ಮೆಡಿಕಲ್ ಶಾಪಿನಿಂದ ಸಿಲ್ಡೆನಾಫಿಲ್ ತಂದು ನುಂಗಿದ್ದೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದರಿಂದ ನಿಮಿರುವಿಕೆಗೆ ಸಹಾಯ ಆಗಬಹುದು, ಆಸಕ್ತಿ ಹುಟ್ಟುವುದಿಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ಇರುವವರು ಅದನ್ನು ಮುಟ್ಟಲೇಬಾರದು. ರಿಟೊನಾವಿರ್ ಇರುವ ಎರಡನೇ ಹಂತದ ಎಆರ್‌ಟಿಯಲ್ಲಿರುವವರಿಗೆ 48 ಗಂಟೆಗೆ 25 ಮಿ.ಗ್ರಾಂ ದಾಟಬಾರದು. ಅಂಥವರು ಅಸ್ತಮಾದ ಸ್ಟಿರಾಯ್ಡ್ ಇನ್‌ಹೇಲರ್, ಮಂಡಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೇಳಿಕೊಳ್ಳಬೇಕು. ರಿಟೊನಾವಿರ್ ಸ್ಟಿರಾಯ್ಡನ್ನು ಮೈಯಲ್ಲೇ ಉಳಿಸುತ್ತದೆ, ಹಾಗೆ ಉಳಿದ ಸ್ಟಿರಾಯ್ಡ್ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯನ್ನು ಮಲಗಿಸಿಬಿಡುತ್ತದೆ, ಟೆಸ್ಟೋಸ್ಟೆರಾನ್ ಅನ್ನೂ ಇಳಿಸುತ್ತದೆ.

ಪ್ರಶ್ನೆ: ವಯಸ್ಸು 34, ವಿಜಯಪುರದವನು, ಚಿಂಚವಾಡದ ಕಾರ್ಖಾನೆಯಲ್ಲಿ ಕೆಲಸ. ನನಗೆ ಎಚ್‌ಐವಿ ಇದೆ, ಹೆಂಡತಿಗೆ ಇಲ್ಲ. ವೈರಲ್ ಲೋಡ್ ಬಹಳ ದಿನದಿಂದ ಶೂನ್ಯ. ಮಗು ಬೇಕು. ವೀರ್ಯಾಣು ಕಡಿಮೆ ಇದೆ ಅಂತ ಒಂದು ಕ್ಲಿನಿಕ್ಕಿನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಎಷ್ಟು ದಿನ ತಗೋಬೇಕು ಸರ್?

ಉತ್ತರ: ಮುಂದಿನ ಡೋಸ್ ತಗೋಬೇಡಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಅವಿಲ್ಲದೆ ವೃಷಣದಲ್ಲಿ ವೀರ್ಯಾಣು ತಯಾರಾಗುವುದಿಲ್ಲ. ಕಡಿಮೆ ಇದ್ದದ್ದು ಸೊನ್ನೆಗೂ ಇಳಿಯಬಹುದು. ಇದೇ ಕಾರಣಕ್ಕೆ ಈ ಹಾರ್ಮೋನನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಅಂತ ಸಂಶೋಧನೆಗಳೂ ನಡೆದಿವೆ. ಮಗು ಬೇಕು ಅಂತ ಬಂದವನಿಗೆ ಇದನ್ನು ಕೊಟ್ಟಿದ್ದಾರೆ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಗಾಬರಿ ಬೇಡ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಉತ್ಪತ್ತಿ ಮರಳುತ್ತದೆ, ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ವಾರವಾರ ವೀರ್ಯ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ. ಮೂರು ತಿಂಗಳಿಗೊಮ್ಮೆ ಸಾಕು. ಬೇಕಾದರೆ ಎಚ್‌ಸಿಜಿ ಇಂಜೆಕ್ಷನ್ ಅಥವಾ ಕ್ಲೋಮಿಫೀನ್ ಕೊಟ್ಟು ವೃಷಣವನ್ನು ಎಬ್ಬಿಸಬಹುದು. ಯಾವುದು ನಿಮಗೆ ಸರಿ ಅಂತ ಹಾರ್ಮೋನ್ ತಜ್ಞರು ಹೇಳಬೇಕು. ಸಸೂನ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲೇ ನಿಮ್ಮ ಮಾತ್ರೆ ಅಂತ ಬರೆದಿದ್ದೀರಿ, ಅಲ್ಲಿನ ಡಾಕ್ಟರಿಗೆ ಈ ಇಂಜೆಕ್ಷನ್ ವಿಷಯ ತಿಳಿಸಿ.

ವೈರಲ್ ಲೋಡ್ ಕಾಣದಷ್ಟು ಇಳಿದು ಹಾಗೇ ನಿಂತಿದ್ದರೆ ಸಂಭೋಗದಿಂದ ಹೆಂಡತಿಗೆ ಎಚ್‌ಐವಿ ಹರಡುವುದಿಲ್ಲ. ಸಾವಿರಾರು ದಂಪತಿ, ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಗೊತ್ತಾದ ವಿಷಯ ಇದು. ಸಹಜವಾಗಿಯೇ ಮಗು ಪಡೆಯಬಹುದು, ವೀರ್ಯ ತೊಳೆಯುವ ದುಬಾರಿ ವಿಧಾನ ಬೇಕಾಗಿಲ್ಲ. ಹೆಂಡತಿಯ ಪರೀಕ್ಷೆಯೂ ಆಗಲಿ. ದೋಷವೆಲ್ಲ ನಿಮ್ಮದೇ ಅಂತ ಯಾಕೆ ಅಂದುಕೊಂಡಿದ್ದೀರೋ!

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ, 41 ವರ್ಷ. ಎದೆ ಹೆಂಗಸರ ಹಾಗೆ ಊದಿದೆ, ಎಡಗಡೆ ಮುಟ್ಟಿದರೆ ನೋವು. ಖಾಸಗಿ ಡಾಕ್ಟರ್ ಬರೆದ ಎಫವಿರೆಂಜ್ ಇರುವ ಹಳೇ ಮಾತ್ರೆಯನ್ನೇ ನುಂಗುತ್ತಿದ್ದೇನೆ. ಟೆಸ್ಟೋಸ್ಟೆರಾನ್ ಕಡಿಮೆ ಆಗಿರಬಹುದಾ?

ಉತ್ತರ: ಆಗಿರಬಹುದು, ಆದರೆ ನನ್ನ ಮೊದಲ ಅನುಮಾನ ಎಫವಿರೆಂಜ್ ಮೇಲೆ. ಗಂಡಸರ ಎದೆ ಊದಿಸುವುದಕ್ಕೆ ಅದು ಹೆಸರುವಾಸಿ. ಸರ್ಕಾರಿ ಕಾರ್ಯಕ್ರಮದಲ್ಲಿ ಅದರ ಜಾಗಕ್ಕೆ ಡೊಲ್ಯೂಟೆಗ್ರಾವಿರ್ ಬಂದು ವರ್ಷಗಳಾದವು, ಮಾತ್ರೆಯೂ ಉಚಿತ. ನೀವೇ ನಿಲ್ಲಿಸದೆ, ಎಆರ್‌ಟಿ ಕೇಂದ್ರಕ್ಕೆ ಹೋಗಿ ಬದಲಿಸಿಕೊಳ್ಳಿ. ಹತ್ತಿರದ ಕೇಂದ್ರ ಯಾವುದು ಅಂತ 1097ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ, ಕರೆಗೆ ದುಡ್ಡಿಲ್ಲ. ಕುಡಿತ ಜಾಸ್ತಿ ಇದ್ದರೆ ಲಿವರ್ ಪರೀಕ್ಷೆಯೂ ಬೇಕು. ಊತ ಎರಡು ಮೂರು ವರ್ಷ ಹಳೆಯದಾಗಿದ್ದರೆ ಮಾತ್ರೆ ಬದಲಿಸಿದರೂ ಪೂರ್ತಿ ಇಳಿಯದೇ ಇರಬಹುದು. ಒಂದೇ ಕಡೆ ಗಟ್ಟಿ ಗಂಟು ಕೈಗೆ ಸಿಕ್ಕರೆ, ಅಥವಾ ಮೊಲೆತೊಟ್ಟಿನಿಂದ ರಕ್ತ ಬಂದರೆ ಹಾರ್ಮೋನ್ ಪರೀಕ್ಷೆಗೆ ಕಾಯದೆ ಈ ವಾರವೇ ಸರ್ಜನ್‌ಗೆ ತೋರಿಸಿ. ಸ್ತನ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ.